ಕಾಡಂಚಿನ ಎರಡು ಸಾಲು

ಕೊಳ್ಳೇಗಾಲ
9 ನವೆಂಬರ್ 2023

ಡಾಕ್ಟರಮ್ಮ ದೀಪಶ್ರೀಗೆ,

ನಿನ್ನ ಗೋಧಿ ನೆಲಕ್ಕೆ ಬಿತ್ತು. ಇನ್ನು ಅದರ ಹಣೆಬರಹ, ನಿನ್ನ ಹಣೆಬರಹ, ನನ್ನ ಬೀಜದಂಗಡಿಯ ಬೋರ್ಡು, ಮೂರೂ ಲೊಕ್ಕನಹಳ್ಳಿಯ ಒಂದೇ ಎಕರೆಯಲ್ಲಿವೆ.

ತಳಿಯ ವಿಷಯ ಮೊಬೈಲಿನಲ್ಲಿ ಬೇಡ, ಬೇರೆ ಕಂಪನಿಯವರ ಕೈಗೆ ಸಿಕ್ಕೀತು, ಕಾಗದ ಬರೆದು ಕೊರಿಯರ್ ಮಾಡಿ ಎಂದೆಯಲ್ಲ. ಬರೆಯುತ್ತಿದ್ದೇನೆ. ಕುಂತೂರಿನ ಫ್ಯಾಕ್ಟರಿಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಿದ್ದವನು ನಾನು. ಅಗರದ ಹುಡುಗಿ ಇಂದೋರಿನಲ್ಲಿ ಕೂತು ಸಸ್ಯತಳಿ ವಿಜ್ಞಾನಿಯಾಗಿ ನನ್ನಿಂದ ಪತ್ರ ಬರೆಸುತ್ತಾಳೆ ಅಂತ ಯಾವ ಜೋಯಿಸನೂ ಹೇಳಿರಲಿಲ್ಲ.

ಜಾಗ ನೀನು ಹೇಳಿದ ಹಾಗೆಯೇ ಇದೆ. ಎರಡು ಕಡೆ ಕಾಡು, ಒಂದು ಕಡೆ ಹುರುಳಿ, ಒಂದು ಕಡೆ ರಸ್ತೆ. ಕಣ್ಣು ಹಾಯುವಷ್ಟು ದೂರ ಯಾರೂ ಗೋಧಿ ಬೆಳೆಯುವುದಿಲ್ಲ, ಆದ್ದರಿಂದ ಬೇರೆ ಗೋಧಿಯ ಪರಾಗ ಹಾರಿಬಂದು ಬೆರಕೆಯಾಗುವ ಭಯವಿಲ್ಲ. ಹೊಲದ ಯಜಮಾನಿ ಚಿಕ್ಕಬಸಮ್ಮ ಬೀಜದ ಚೀಲ ನೋಡಿ ಕೇಳಿದಳು:

"ಸಾ, ಗೋದಿ ಪ್ಯಾಕೆಟ್ನಲ್ಲಿ ಬತ್ತದಲ್ಲ, ಅದ್ನ ನೆಲದಲ್ಲಿ ಯಾಕ ಬೆಳೀಬೇಕು?"

ಕೆಂಪು ದಾರದ ಚೀಲ ಹೆಣ್ಣು, ಬಿಳಿ ದಾರದ ಚೀಲ ಗಂಡು ಎಂದೆ. ಎಂಟು ಸಾಲು ಹೆಣ್ಣು, ಪಕ್ಕದಲ್ಲಿ ನಾಲ್ಕು ಸಾಲು ಗಂಡು, ಮತ್ತೆ ಎಂಟು ಹೆಣ್ಣು, ಕಾಡಂಚಿನವರೆಗೂ ಹೀಗೇ. ಹೆಣ್ಣು ಸಾಲಿಗೆ ಸ್ವಂತ ಪರಾಗವಿಲ್ಲ, ಗಂಡು ಸಾಲಿನದು ಗಾಳಿಯಲ್ಲಿ ಬಂದು ಬಿದ್ದರೆ ಮಾತ್ರ ಕಾಳು ಕಟ್ಟುತ್ತದೆ, ಆ ಕಾಳೇ ಹೈಬ್ರಿಡ್ ಬೀಜ ಎಂದೆ. ಅವಳ ಗಂಡ ಚೆನ್ನಯ್ಯ ಬೀಡಿ ತೆಗೆದು ನಕ್ಕ. "ಎಂಟು ಎಣ್ಣಿಗ ನಾಕು ಗಂಡಾ? ಇದ್ಯಾವೂರ ನ್ಯಾಯ ಸಾ!"

ನಿನ್ನ ಸೂಚನೆಗಳನ್ನು ಓದಿ ಹೇಳಿದ್ದೇನೆ. ಚೀಲ ಬೆರೆಸಬಾರದು, ಕೂರಿಗೆ ತೊಳೆಯಬೇಕು, ಸಾಲಿನ ತುದಿಗೆ ಗೂಟ. ಎಲ್ಲ ಆಯಿತು.

ಶಿವಕುಮಾರಸ್ವಾಮಿ


ಇಂದೋರ್
20 ನವೆಂಬರ್ 2023

ಸ್ವಾಮಿ ಮಾವನಿಗೆ,

ಪತ್ರ ಬಂತು. ಚೆನ್ನಯ್ಯನ ಮಾತು ಓದಿ ಲ್ಯಾಬಿನಲ್ಲಿ ಒಬ್ಬಳೇ ನಕ್ಕೆ. ಸುತ್ತ ಇರುವವರಿಗೆ ಹೇಳಿದರೂ ಅರ್ಥವಾಗುತ್ತಿರಲಿಲ್ಲ.

ಈ ಬೆಳೆಗಾಗಿ ನಾನು ಇಷ್ಟು ವರ್ಷ ಯಾಕೆ ಕೂತೆ ಎಂದು ನೀವು ಅಂಗಡಿಯಲ್ಲಿ ಒಮ್ಮೆ ಕೇಳಿದ್ದಿರಿ, ಉತ್ತರ ಕೊಡದೆ ಬಂದೆ. ಈಗ ಕೊಡುತ್ತೇನೆ. ಮುಸುಕಿನ ಜೋಳದ ಹೂವು ಬಯಲಿನಲ್ಲಿ ಅರಳುತ್ತದೆ. ಗೋಧಿಯದು ಬಾಗಿಲು ಮುಚ್ಚಿಕೊಂಡು ಒಳಗೇ ತನ್ನ ಮದುವೆ ತಾನು ಮಾಡಿಕೊಳ್ಳುತ್ತದೆ. ಅದರ ಪರಾಗ ಭಾರ, ದೂರ ಹಾರದು, ಬೇಗ ಸಾಯುತ್ತದೆ. ಹೈಬ್ರಿಡ್ ಗೋಧಿ ಹೊಲದಲ್ಲಿ ಚೆನ್ನಾಗಿ ಬೆಳೆಯುತ್ತದೆ, ಬಿಸಿಲು ತಡೆಯುತ್ತದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದರ ಬೀಜ ತಯಾರಿಸುವಾಗ ಹೆಣ್ಣು ಸಾಲು ಸರಿಯಾಗಿ ಕಾಳು ಕಟ್ಟುವುದಿಲ್ಲ. ಕಾಳು ಕಟ್ಟದಿದ್ದರೆ ಬೀಜ ದುಬಾರಿ, ಬೀಜ ದುಬಾರಿಯಾದರೆ ರೈತ ಕೊಳ್ಳುವುದಿಲ್ಲ. ಎಲ್ಲರೂ ಸೋತಿರುವುದು ಇಲ್ಲೇ.

ನನ್ನ ಹೆಣ್ಣು ತಳಿ ಬಾಯಿ ಅಗಲವಾಗಿ ತೆರೆಯುತ್ತದೆ, ಹೆಚ್ಚು ಹೊತ್ತು ತೆರೆದಿರುತ್ತದೆ. ಲೊಕ್ಕನಹಳ್ಳಿಯ ಗಾಳಿ, ಚಳಿ ಅದಕ್ಕೆ ಒಗ್ಗುತ್ತದೆ ಎಂಬ ಲೆಕ್ಕ ನನ್ನದು. ಈ ಸಲ ಚೆನ್ನಾಗಿ ಆಗಲೇಬೇಕು ಮಾವ. ಯಾಕೆಂದು ಕೇಳಬೇಡಿ.

ದೀಪಶ್ರೀ


ಕೊಳ್ಳೇಗಾಲ
4 ಡಿಸೆಂಬರ್ 2023

ದೀಪಾ,

ಯಾಕೆಂದು ಕೇಳುವುದಿಲ್ಲ. ಆದರೆ ವ್ಯಾಪಾರಿಯ ನಾಲಿಗೆ ಸುಮ್ಮನಿರದು, ಬೇರೆಯದನ್ನು ಕೇಳುತ್ತೇನೆ.

ಒಂದು: ಮುಸುಕಿನ ಜೋಳಕ್ಕೆ ಎಕರೆಗೆ ಎಂಟು ಕೇಜಿ ಬೀಜ ಸಾಕು. ಗೋಧಿಗೆ ನಲವತ್ತು ಬೇಕಂತೆ. ವರ್ಷಾ ವರ್ಷಾ ಅಷ್ಟು ಬೀಜ ಹೊಸದಾಗಿ ಕೊಳ್ಳಬೇಕು ಎಂದರೆ, ಮನೆಯ ಕಣಜದಿಂದ ಬಿತ್ತನೆ ತೆಗೆಯುವ ಗೋಧಿ ರೈತ ನನ್ನ ಮುಖ ನೋಡಿ ಏನನ್ನಬೇಕು? ವಿಜಾಪುರದ ಕಡೆಯ ಒಬ್ಬ ಡೀಲರಿಗೆ ಫೋನ್ ಮಾಡಿದ್ದೆ. "ಮೊದಲ ವರ್ಷ ಆಸೆಗೆ ಕೊಳ್ತಾರ್ರೀ, ಎರಡನೇ ವರ್ಷ ಲೆಕ್ಕ ಹಾಕ್ತಾರ" ಎಂದ. ನಿನ್ನ ಹತ್ತಿರ ಇದಕ್ಕೆ ಉತ್ತರ ಇರಬೇಕು.

ಎರಡು: ಹಂದಿ ಕಾಟ ಸುರುವಾಗಿದೆ. ಚೆನ್ನಯ್ಯ ಅಟ್ಟಣೆ ಕಟ್ಟಿಕೊಂಡು ಕಾಯುತ್ತಿದ್ದಾನೆ. ಆನೆ ಇನ್ನೂ ಕಾಡಂಚಿನಲ್ಲೇ ಇದೆ, ಗೋಧಿ ರುಚಿ ಅದಕ್ಕೆ ಗೊತ್ತಿಲ್ಲ.

ಇನ್ನು ಸಂತೋಷದ ಸಂಗತಿ. ನಿನ್ನ ಹೆಣ್ಣು ಬೀಜ ಸ್ವಲ್ಪ ಸೋಮಾರಿ. ಅರ್ಧಕ್ಕರ್ಧ ಮೊಳೆಯಲಿಲ್ಲ, ಸಾಲೆಲ್ಲ ಹಲ್ಲುದುರಿದ ಬಾಯಿ. ಗಂಡು ಸಾಲು ಒತ್ತೊತ್ತಾಗಿ ಎದ್ದಿತ್ತು. ಕಳೆದ ಸೋಮವಾರ ಹೋಗಿ ನೋಡುತ್ತೇನೆ, ಚಿಕ್ಕಬಸಮ್ಮ ಕೆಲಸಕ್ಕೆ ಕೆಲಸ ಎಂದು ಮುಯ್ಯಾಳಿಗೆ ನಾಲ್ಕು ಜನ ಹೆಂಗಸರನ್ನು ಕರೆದುಕೊಂಡು ಬಗ್ಗಿ ನಿಂತಿದ್ದಾಳೆ.

"ಏನವ್ವಾ ಇದು?"

"ಗ್ಯಾಪು ತುಂಬ್ತಿವಿ ಸಾ. ಮಳ ಬಂದು ಹದ ಆಗದ. ಒತ್ತಾಗಿರೋ ಕಡೆಯಿಂದ ಕಿತ್ತು ಖಾಲಿ ಇರೋ ಕಡೆಗ ನೆಡ್ತಿವಿ. ರಾಗಿಗ ಮಾಡಾಕಿಲ್ವಾ? ಖಾಲಿ ಸಾಲು ನೋಡ್ಕಂಡು ಎಂಗ್ ಸಾ ಸುಮ್ನಿರದು, ಬಂದೋರು ಏನಂದಾರು!"

ಕೂಲಿ ಕೇಳಲಿಲ್ಲ, ಹೇಳಿಸಿಕೊಳ್ಳಲೂ ಇಲ್ಲ. ಈಗ ಹೊಲ ಬಾಚಣಿಗೆ ಎಳೆದ ಹಾಗಿದೆ. ಕಾಡಂಚಿನ ಎರಡು ಹೆಣ್ಣು ಸಾಲು ಮಾತ್ರ ಬಾಕಿ. ಸಂಜೆಯಾಯಿತು, ಆನೆ ಬರುವ ಹೊತ್ತು ಎಂದು ಬಿಟ್ಟುಬಂದರು. ಇಂಥ ರೈತರನ್ನು ಹುಡುಕಿದ್ದಕ್ಕೆ ನನ್ನನ್ನು ಹೊಗಳಬಹುದು.

ಶಿವಕುಮಾರಸ್ವಾಮಿ


ಇಂದೋರ್
23 ಡಿಸೆಂಬರ್ 2023

ಶ್ರೀ ಶಿವಕುಮಾರಸ್ವಾಮಿಯವರಿಗೆ,

ನಿಮ್ಮ ಪತ್ರ ತಲುಪಿದೆ. ಉತ್ತರ ತಡವಾಯಿತು, ಕ್ಷಮಿಸಿ.

ಬೀಜದ ಪ್ರಮಾಣದ ಬಗ್ಗೆ: ಹೈಬ್ರಿಡ್ ಗೋಧಿ ಹೆಚ್ಚು ಕವಲೊಡೆಯುವುದರಿಂದ ಅರ್ಧದಷ್ಟು ಬೀಜ ಸಾಕಾಗುತ್ತದೆ. ಆದರೂ ಬೀಜ ಅಗ್ಗವಾಗಬೇಕು, ಅದಕ್ಕೆ ಹೆಣ್ಣು ಸಾಲಿನ ಇಳುವರಿಯೇ ದಾರಿ. ಹಂದಿಗೆ ಸೋಲಾರ್ ಬೇಲಿ ಹಾಕಿಸಿ, ಕಂಪನಿ ಭರಿಸುತ್ತದೆ. ಆನೆ ಬಂದರೆ ಅರಣ್ಯ ಇಲಾಖೆಗೆ ತಿಳಿಸಿ.

ಜನವರಿ ಕೊನೆಗೆ ನಮ್ಮ ಡೈರೆಕ್ಟರು ಹೊಲ ನೋಡಲು ಬರುತ್ತಾರೆ. ನಾನೂ ಬರುತ್ತೇನೆ. ಅಲ್ಲಿಯವರೆಗೆ ಹೊಲದ ಫೋಟೋ ಯಾರಿಗೂ ಕಳುಹಿಸಬೇಡಿ. ಹೂ ಮುಗಿದ ಕೂಡಲೇ ಗಂಡು ಸಾಲುಗಳನ್ನು ಕತ್ತರಿಸಿ ದನಕ್ಕೆ ಹಾಕಿಸಿ. ಅವರು ಬರುವಾಗ ಹೆಣ್ಣು ಸಾಲುಗಳು ಮಾತ್ರ ಇರಲಿ.

ದೀಪಶ್ರೀ


ಕೊಳ್ಳೇಗಾಲ
12 ಜನವರಿ 2024

ಡಾಕ್ಟರ್ ದೀಪಶ್ರೀಯವರಿಗೆ,

"ಸ್ವಾಮಿ ಮಾವ" ಹೋಗಿ "ಶ್ರೀ" ಬಂತು. ಬೀಜದ ಬೆಲೆ ಕೇಳಿದ್ದು ತಪ್ಪಾಯಿತೆಂದು ಕಾಣುತ್ತದೆ. ಡೀಲರ್‌ಶಿಪ್ಪಿಗೆ ಈಗಲೇ ಬಲೆ ಬೀಸುತ್ತಿದ್ದಾನೆ ಮುದುಕ ಎಂದುಕೊಂಡೆಯೇನೋ. ಬೀಸುತ್ತಿದ್ದೇನೆ, ಸುಳ್ಳು ಹೇಳುವುದಿಲ್ಲ. ಆದರೆ ನಿಮ್ಮಪ್ಪ ಸದಾಶಿವಪ್ಪ ಬದುಕಿದ್ದಾಗ ನನ್ನ ಅಂಗಡಿಯ ಜಗಲಿಯಲ್ಲಿ ಕೂತು ಬೀಜದ ಪೊಟ್ಟಣದ ಮೇಲಿನ ಅಕ್ಷರ ಓದಿಸುತ್ತಿದ್ದದ್ದು ನಿನ್ನಿಂದಲೇ. ಆ ಸಲುಗೆಯಿಂದ ಕೇಳಿದೆ, ಅಷ್ಟೆ.

ಹೂವಾಗಿದೆ. ಬೆಳಗಾಗುತ್ತಿದ್ದ ಹಾಗೆ ಗಂಡಹೆಂಡಿರು ಹಗ್ಗದ ಎರಡು ತುದಿ ಹಿಡಿದು ತೆನೆಯ ಮೇಲೆ ಎಳೆದುಕೊಂಡು ಹೋಗುತ್ತಾರೆ, ಪರಾಗ ಏಳಲಿ ಎಂದು. ರಸ್ತೆಯಲ್ಲಿ ಹೋಗುವವರು ಏನು ಮಾಡ್ತಿದ್ದೀರಿ ಎಂದರೆ ಚೆನ್ನಯ್ಯ, "ಗೋದಿಗ ಮದ್ವ ಮಾಡುಸ್ತಿವಿ, ಊಟಕ್ಕ ಇನ್ನ ಎರಡ್ ತಿಂಗ್ಳು ಬುಟ್ಕಂಡು ಬನ್ನಿ" ಎನ್ನುತ್ತಾನೆ.

ಒಂದು ಮಾತು ಕೇಳಬೇಕು. ಕಾಡಂಚಿನ ಎರಡು ಸಾಲಿನಲ್ಲಿ ತೆನೆಗಳು ಬಾಯಾರಿದ ಗುಬ್ಬಿ ಮರಿಯ ಹಾಗೆ ಬಾಯಿ ಬಿಟ್ಟುಕೊಂಡು ನಿಂತಿವೆ. ನೀನು ಬರೆದ ಹಾಗೆಯೇ. ಆದರೆ ಒಳಗಿನ ಹೆಣ್ಣು ಸಾಲುಗಳಲ್ಲಿ ಎಷ್ಟೋ ತೆನೆ ಮುಟ್ಟಿದರೆ ಕೈಗೆ ಹಳದಿ ಪುಡಿ ಹತ್ತುತ್ತದೆ. ಹೆಣ್ಣಿಗೆ ಸ್ವಂತ ಪುಡಿ ಇಲ್ಲ ಎಂದಿದ್ದೆಯಲ್ಲ? ಹಗ್ಗದಿಂದ ಹಾರಿ ಕೂತದ್ದೋ ಏನೋ. ಗೊತ್ತಿಲ್ಲದವನು ಕೇಳುತ್ತಿದ್ದೇನೆ.

ಶಿವಕುಮಾರಸ್ವಾಮಿ


ಇಂದೋರ್
2 ಫೆಬ್ರವರಿ 2024

ಪ್ರೀತಿಯ ಸ್ವಾಮಿ ಮಾವನಿಗೆ,

ನಾವು ಸುಖವಾಗಿ ತಲುಪಿದೆವು. ನಿಮ್ಮ ಆತಿಥ್ಯವನ್ನು ಡೈರೆಕ್ಟರು ವಿಮಾನದಲ್ಲಿ ದಾರಿಯುದ್ದಕ್ಕೂ ಹೊಗಳಿದರು. ಹೆಣ್ಣು ಸಾಲು ಇಷ್ಟು ತುಂಬಿ ನಿಂತದ್ದನ್ನು ಅವರು ಎಲ್ಲೂ ನೋಡಿಲ್ಲವಂತೆ. ನಿನ್ನೆ ಕಂಪನಿಯ ಬೋರ್ಡು ಸಭೆ ಸೇರಿತ್ತು. ಮುಂದಿನ ವರ್ಷಕ್ಕೆ ಹನೂರು ತಾಲ್ಲೂಕಿನಲ್ಲಿ ಇನ್ನೂರು ಎಕರೆ ಬೀಜೋತ್ಪಾದನೆ ಮಂಜೂರು. ಅದರ ಪೂರ್ತಿ ಜವಾಬ್ದಾರಿ ನಿಮಗೆ. ಈ ಹೊಲದ ಬೀಜ ವಿಜಾಪುರ, ಬಾಗಲಕೋಟೆಯ ರೈತರ ಹೊಲಗಳಿಗೆ ಪ್ರಾತ್ಯಕ್ಷಿಕೆಗೆ ಹೋಗುತ್ತದೆ.

ಈಗ ಹೇಳಬಹುದು. ಈ ಸಲ ಆಗದಿದ್ದರೆ ಗೋಧಿ ವಿಭಾಗವನ್ನೇ ಮುಚ್ಚುವುದೆಂದು ನಿರ್ಧಾರವಾಗಿತ್ತು. ಹನ್ನೊಂದು ವರ್ಷ, ಮಾವ. ಇನ್ನು ಹೆದರಿಕೆಯಿಲ್ಲ. ಮುಂದಿನ ವರ್ಷ ಎಲ್ಲವನ್ನೂ ಇನ್ನೂ ಅಚ್ಚುಕಟ್ಟಾಗಿ ಮಾಡೋಣ.

ಚಿಕ್ಕಬಸಮ್ಮನಿಗೆ ಒಂದು ಸೀರೆ ಕಳಿಸಿದ್ದೇನೆ. ಕೊಯ್ಲಿನ ಕಾಳನ್ನೆಲ್ಲ ಒಂದೇ ರಾಶಿ ಮಾಡಿ ಚೀಲ ಹೊಲಿಸಿ.

ನಿಮ್ಮ ದೀಪಾ


ಕೊಳ್ಳೇಗಾಲ
11 ಫೆಬ್ರವರಿ 2024

ದೀಪಾ,

ಸೀರೆ ತಲುಪಿತು. ಇನ್ನೂ ಕೊಟ್ಟಿಲ್ಲ.

ಇನ್ನೂರು ಎಕರೆ ಎಂದು ಓದಿದ ದಿನ ಅಂಗಡಿಯಲ್ಲಿದ್ದವರಿಗೆಲ್ಲ ಕಾಫಿ ತರಿಸಿದೆ. ಆಮೇಲೆ ಮನೆಗೆ ಬಂದು ನಿನ್ನ ಪತ್ರಗಳನ್ನು ಸಾಲಾಗಿ ಇಟ್ಟುಕೊಂಡು ಕೂತೆ. ನನ್ನದು ಕೆಟ್ಟ ಅಭ್ಯಾಸ. ಬಂದದ್ದಕ್ಕಿಂತ ಬಾರದೇ ಉಳಿದದ್ದನ್ನು ಮೊದಲು ನೋಡುತ್ತೇನೆ. ಡಿಸೆಂಬರಿನಲ್ಲಿ ನಾನು ಬೀಜದ ಪ್ರಮಾಣ ಕೇಳಿದೆ, ಉತ್ತರ ಬಂತು. ಹಂದಿ ಎಂದೆ, ಬೇಲಿ ಬಂತು. ಆನೆ ಎಂದೆ, ಇಲಾಖೆ ಬಂತು. ಗ್ಯಾಪು ತುಂಬಿದ್ದನ್ನು ಎಲ್ಲಕ್ಕಿಂತ ಉದ್ದ ಬರೆದಿದ್ದೆ, ಅದಕ್ಕೆ ಒಂದಕ್ಷರವಿಲ್ಲ. ಹಳದಿ ಪುಡಿ ಕೇಳಿದೆ, ಅದಕ್ಕೂ ಇಲ್ಲ.

ಮತ್ತೆ ಆ ದಿನ ಹೊಲದಲ್ಲಿ. ಡೈರೆಕ್ಟರು ಚಿಕ್ಕಬಸಮ್ಮನನ್ನು ಹಿಂದಿಯಲ್ಲಿ ಕೇಳಿದರು, ಇಷ್ಟು ತುಂಬಿಸಲು ಏನು ಮಾಡಿದೆ ತಾಯಿ ಎಂದು. ನೀನು ಕನ್ನಡದಲ್ಲಿ ಕೇಳಿದೆ. ಅವಳು ಸೆರಗು ಸರಿ ಮಾಡಿಕೊಂಡು, "ನಾನೇನ್ ಮಾಡ್ದೆ ಅವ್ವಾ, ಒತ್ತಾಗಿದ್ದ ಗಂಡು ಸಾಲಿಂದ ಕಿತ್ತು ಎಣ್ಣು ಸಾಲಿನ ಗ್ಯಾಪ್ಗ ನೆಟ್ಟೆ, ಅಷ್ಟೆಯಾ" ಎಂದಳು. ನೀನು ಅವರಿಗೆ ಹೇಳಿದ್ದು: ತನ್ನ ಮಕ್ಕಳ ಹಾಗೆ ನೋಡಿಕೊಂಡಳಂತೆ. ಕೊಳ್ಳೇಗಾಲದ ರೇಷ್ಮೆ ಅಂಗಡಿಗಳಲ್ಲಿ ಸೇಟುಗಳ ಎದುರು ಕೂತು ಕಲಿತ ಹಿಂದಿ ನನ್ನದು. ವ್ಯಾಕರಣ ಬಾರದು, ಮೋಸ ಹೋಗದಷ್ಟು ಬರುತ್ತದೆ. ಅವತ್ತು ಮಾತಿನ ಅಲಂಕಾರ ಎಂದುಕೊಂಡು ನಕ್ಕೆ.

ಈಗ ನಗು ಬರುತ್ತಿಲ್ಲ. ಹೆಣ್ಣು ಸಾಲಿನಲ್ಲಿ ತುಂಬಿ ನಿಂತಿರುವುದು ನಿನ್ನ ಹೆಣ್ಣಲ್ಲ. ಜಾಗ ಬದಲಾಯಿಸಿದ ಗಂಡು. ಅದು ತನ್ನ ಮದುವೆ ತಾನೇ ಮಾಡಿಕೊಂಡು ಕಾಳು ಕಟ್ಟಿದೆ. ಗಂಡು ಎತ್ತರ ಹೆಚ್ಚು, ಆದರೆ ಕಿತ್ತು ನೆಟ್ಟ ಪೈರು ಸ್ವಲ್ಪ ಕುಗ್ಗುತ್ತದಲ್ಲ, ಹಾಗಾಗಿ ಎತ್ತರದಲ್ಲಿ ವ್ಯತ್ಯಾಸ ಕಾಣಲಿಲ್ಲ, ಡೈರೆಕ್ಟರ ಕಣ್ಣಿಗೂ ಬೀಳಲಿಲ್ಲ. ಆ ಕಾಳು ಹೈಬ್ರಿಡ್ ಅಲ್ಲ, ಬರೀ ಗೋಧಿ. ಇದು ನಿನಗೆ ಡಿಸೆಂಬರಿನಿಂದ ಗೊತ್ತು.

ವಿಜಾಪುರದಲ್ಲಿ ಯಾರೋ ಒಬ್ಬ ಅದನ್ನು ಹೈಬ್ರಿಡ್ ಎಂದು ನಂಬಿ ಬಿತ್ತುತ್ತಾನೆ. ಅವನ ಹೆಸರು ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಬೀಜದ ವ್ಯಾಪಾರದಲ್ಲಿ ಗೊಬ್ಬರ ಕಡಿಮೆ ತೂಗಿದವನನ್ನೂ ಜನ ಕ್ಷಮಿಸುತ್ತಾರೆ. ಸುಳ್ಳು ಬೀಜ ಕೊಟ್ಟವನಿಗೆ ಕ್ಷಮೆಯಿಲ್ಲ, ಯಾಕೆಂದರೆ ರೈತ ಕಳೆದುಕೊಳ್ಳುವುದು ಬೀಜದ ದುಡ್ಡಲ್ಲ, ಒಂದು ವರ್ಷ.

ನಾನು ಕಂಪನಿಗೆ ಬರೆಯುವುದಿಲ್ಲ. ಚಾಡಿ ಹೇಳಿ ದೊಡ್ಡವನಾದವನಲ್ಲ. ಕಾಡಂಚಿನ ಎರಡು ಸಾಲು ಇವೆಯಲ್ಲ, ಯಾರೂ ತುಂಬದೆ ಬಿಟ್ಟದ್ದು, ಅದನ್ನು ನಿನ್ನೆ ಹೋಗಿ ನೋಡಿದೆ. ಅಲ್ಲಿ ಮಾತ್ರ ಬರೀ ಹೆಣ್ಣು ನಿಂತಿದೆ. ತೆನೆ ತೆಳ್ಳಗಿವೆ, ಒಂದು ಕಾಳಿದ್ದರೆ ಎರಡು ಗೂಡು ಖಾಲಿ. ಚೆಂದವಿಲ್ಲ. ಡೈರೆಕ್ಟರನ್ನು ನೀನು ಆ ಕಡೆಗೆ ಕರೆದುಕೊಂಡು ಹೋಗಲೂ ಇಲ್ಲ.

ಕೊಯ್ಲು ಈ ತಿಂಗಳ ಕೊನೆಗೆ. ಒಂದು ರಾಶಿಯೋ, ಎರಡು ರಾಶಿಯೋ, ನೀನೇ ಹೇಳು. ಒಂದು ಎಂದರೆ ಒಂದು ಮಾಡಿಸುತ್ತೇನೆ. ಆದರೆ ಆ ಚೀಲದ ಮೇಲೆ ನನ್ನ ಅಂಗಡಿಯ ಹೆಸರು ಇರುವುದಿಲ್ಲ, ಇನ್ನೂರು ಎಕರೆಗೆ ಬೇರೆ ಯಾರನ್ನಾದರೂ ನೋಡಿಕೋ.

ಸ್ವಾಮಿ ಮಾವ


ಇಂದೋರ್
19 ಫೆಬ್ರವರಿ 2024

ಮಾವಾ,

ಎರಡು ರಾಶಿ ಮಾಡಿಸಿ.

ಈ ಸಾಲು ಬರೆಯುವುದಕ್ಕೆ ಇಷ್ಟು ದಿನ ಬೇಕಾಯಿತು. ಬೆಳಿಗ್ಗೆ ಡೈರೆಕ್ಟರ ಕೋಣೆಗೆ ಹೋಗಿ ಹೇಳಿ ಬಂದೆ. ಅವರು ಕೂಗಾಡಲಿಲ್ಲ. "ಡಿಸೆಂಬರಿನಲ್ಲಿ ಹೇಳಿದ್ದರೆ ಇನ್ನೊಂದು ವರ್ಷ ಕೊಡುತ್ತಿದ್ದೆನೇನೋ" ಎಂದರು. ಅದು ನಿಜವೋ, ಈಗ ಹೇಳುವುದು ಸುಲಭವೋ, ತಿಳಿಯದು. ಮಾರ್ಚಿಗೆ ಗೋಧಿ ವಿಭಾಗ ಮುಚ್ಚುತ್ತದೆ. ನನ್ನನ್ನು ತರಕಾರಿ ಬೀಜಕ್ಕೆ ಹಾಕುತ್ತಾರಂತೆ, ಇಟ್ಟುಕೊಂಡರೆ.

ನಾನು ಮಾಡಿದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಬೀಜ ಬಿತ್ತಿ ಶುದ್ಧತೆ ಪರೀಕ್ಷೆ ಮಾಡುವುದು ಮುಂದಿನ ಚಳಿಗಾಲಕ್ಕೆ. ಅಷ್ಟರಲ್ಲಿ ಹಣ ಮಂಜೂರಾಗಿರುತ್ತದೆ, ಇನ್ನೊಂದು ಸಲ ಸರಿಯಾಗಿ ಬೆಳೆದು ತೋರಿಸಬಹುದು, ಇದನ್ನು ಒಂದು ಅಪಘಾತ ಎನ್ನಬಹುದು. ಒಂದು ವರ್ಷ ಸಿಕ್ಕರೆ ಸಾಕು ಎಂದುಕೊಂಡೆ. ಆ ವರ್ಷ ಯಾರದು ಎಂದು ಯೋಚಿಸಲಿಲ್ಲ. ನೀವು ಬರೆದ ಮೇಲೆ ಬೇರೇನೂ ಯೋಚಿಸಲಾಗಲಿಲ್ಲ.

ನಿಮ್ಮ ಡಿಸೆಂಬರಿನ ಪತ್ರ ಓದುವಾಗ ಮೊದಲು ಬಂದದ್ದು ಸಿಟ್ಟಲ್ಲ, ಅಗರದ ಗದ್ದೆ. ಮಳೆ ನಿಂತ ಮಾರನೆಯ ದಿನ ನಮ್ಮವ್ವ ಸೀರೆ ಎತ್ತಿಕಟ್ಟಿ ಪೈರು ತುಂಬುತ್ತಿದ್ದಳು, ನಾನು ಕಟ್ಟು ಹೊತ್ತುಕೊಂಡು ಹಿಂದೆ ಹೋಗುತ್ತಿದ್ದೆ. ನಮ್ಮ ಕಡೆಯವರ ಕೈಗೆ ಹೊಲ ಕೊಟ್ಟರೆ ಗ್ಯಾಪು ತುಂಬದೆ ಬಿಡುತ್ತಾರೆಯೇ? ಮೂರು ಪುಟ ಸೂಚನೆಯಲ್ಲಿ ಅದೊಂದನ್ನು ಬರೆಯಲಿಲ್ಲ. ಇಲ್ಲಿ ಯಾರೂ ಗೋಧಿಯನ್ನು ಕಿತ್ತು ನೆಡುವುದಿಲ್ಲ. ಇಲ್ಲಿಯವಳಾಗಿ ಬರೆದೆ.

ಚಿಕ್ಕಬಸಮ್ಮನಿಗೆ ಏನೂ ಹೇಳಬೇಡಿ. ತಪ್ಪು ಅವಳದಲ್ಲ.

ಕಾಡಂಚಿನ ಸಾಲಿನ ತೆನೆಗಳಲ್ಲಿ ಕಾಳು ಎಷ್ಟಿದೆ, ಎಣಿಸಿ ತಿಳಿಸುತ್ತೀರಾ? ಇನ್ನು ಯಾರಿಗೂ ಬೇಕಿಲ್ಲ. ನನಗೆ ಬೇಕು.

ದೀಪಾ


ಕೊಳ್ಳೇಗಾಲ
10 ಮಾರ್ಚ್ 2024

ದೀಪಾ,

ಎಣಿಸಿದೆವು. ನಾನು, ಚಿಕ್ಕಬಸಮ್ಮ, ಚೆನ್ನಯ್ಯ, ಮೂವರೂ ಕಣದಲ್ಲಿ ಕೂತು ಒಂದೊಂದೇ ತೆನೆ ಬಿಡಿಸಿದೆವು. ತುಂಬಿದ ತೆನೆಯಲ್ಲಿ ಇರುವುದರ ಮೂರರಲ್ಲಿ ಒಂದು ಪಾಲು, ಕೆಲವದರಲ್ಲಿ ಅದಕ್ಕೂ ಸ್ವಲ್ಪ ಮೇಲೆ. ವ್ಯಾಪಾರಿಯಾಗಿ ಹೇಳುವುದಾದರೆ ಇದು ಓಡುವ ಸರಕಲ್ಲ. ಇಷ್ಟು ಕಡಿಮೆ ಕಟ್ಟುವ ಬೀಜವನ್ನು ಯಾವ ಬೆಲೆಗೆ ಮಾರಿದರೂ ಒಂದೋ ಕಂಪನಿ ಮುಳುಗುತ್ತದೆ, ಇಲ್ಲ ರೈತ. ನಿನ್ನ ಡೈರೆಕ್ಟರು ಇದನ್ನೇ ಮೊದಲು ನೋಡಿದ್ದರೂ ಮುಚ್ಚುತ್ತಿದ್ದರೇನೋ. ಆದರೆ ನೀನು ಕೇಳಿದ್ದು ನಿಜವಾದ ಸಂಖ್ಯೆ. ಅದು ಇದು.

ಮಾತು ಮೀರಿದ್ದೇನೆ. ಚಿಕ್ಕಬಸಮ್ಮನಿಗೆ ಹೇಳಿದೆ. ಎರಡು ರಾಶಿ ಯಾಕೆ ಎಂದು ಅವಳು ಕೇಳಿದಳು. ಸುಳ್ಳು ಹೇಳೋಣ ಎಂದು ಬಾಯಿ ತೆರೆದೆ, ಈ ಬೆಳೆಯಲ್ಲಿ ಈಗಾಗಲೇ ಸಾಕಷ್ಟು ಆಗಿದೆ ಅನಿಸಿತು. ಎಲ್ಲ ಕೇಳಿ ಕೇರುತ್ತಿದ್ದ ಮೊರ ಕೆಳಗಿಟ್ಟಳು. ಆಮೇಲೆ,

"ಆ ಅವ್ವನ್ಗ ಅವತ್ತೇ ಗೊತ್ತಾಗಿತ್ತಾ ಸಾ, ನಾನು ಎದುರ್ಗ ನಿಂತು ಏಳ್ದಾಗ?"

"ಅದಕ್ಕೂ ಮುಂಚೆ ಗೊತ್ತಿತ್ತು."

"ಮತ್ತ ನನ್ಗ ಒಂದ್ ಮಾತ್ ಬಯ್ಬಾರ್ದಾಗಿತ್ತಾ? ಅವತ್ತೇ ಬಯ್ದಿದ್ರ ಕಿತ್ತಾಕ್ತಿದ್ನಲ್ಲ. ನೆಟ್ಟೋಳ್ಗ ಕೀಳಾಕ ಬರಾಕಿಲ್ವಾ?"

ಅದು ನಿನಗೆ ಕೇಳಿದ ಪ್ರಶ್ನೆ. ಉತ್ತರ ನಿನ್ನ ಹತ್ತಿರ ಇದ್ದರೆ ಇಟ್ಟುಕೋ.

ಕಂಪನಿಯಿಂದ ಎರಡು ಸಾಲಿನ ಕಾಗದ ಬಂತು, ಕಾಳನ್ನು ಅಲ್ಲೇ ವಿಲೇವಾರಿ ಮಾಡಿ ಎಂದು. ದೊಡ್ಡ ರಾಶಿ ಹನೂರಿನ ಮಿಲ್ಲಿಗೆ ಹೋಗಿ ಹಿಟ್ಟಾಯಿತು. ಮುಯ್ಯಾಳಿಗೆ ಬಂದಿದ್ದ ನಾಲ್ವರಿಗೂ, ಊರಿನ ಅರ್ಧಕ್ಕೂ ಚಿಕ್ಕಬಸಮ್ಮ ಹಂಚಿದಳು. ಮದುವೆ ಊಟ ಎಂದು ಚೆನ್ನಯ್ಯ ಕರೆದ, ಯಾರೂ ನಗಲಿಲ್ಲ, ಅವನೂ ನಗಲಿಲ್ಲ. ನಾನೂ ಎರಡು ಚಪಾತಿ ತಿಂದೆ. ಹನ್ನೊಂದು ವರ್ಷ ನೀನು ಕಟ್ಟಿದ್ದನ್ನು ಲೊಕ್ಕನಹಳ್ಳಿ ಒಂದು ಹೊತ್ತಿಗೆ ಉಂಡಿತು. ಚೆನ್ನಾಗಿತ್ತು. ಅದನ್ನು ಬರೆಯದೆ ಬಿಡಲಾರೆ.

ಸೀರೆ ಕೊಡಲು ಹೋದೆ. "ಅವ್ವನೇ ಬಂದು ಕೊಡ್ಲಿ" ಎಂದು ನನ್ನ ಕೈಗೇ ವಾಪಸು ಇಟ್ಟಳು.

ಚಿಕ್ಕ ರಾಶಿ, ಕಾಡಂಚಿನದು, ಒಂದು ಮೊರವೂ ತುಂಬಲಿಲ್ಲ. ಅದನ್ನು ನಿನಗೆ ಕಳಿಸೋಣ ಎಂದು ಬಟ್ಟೆ ಹುಡುಕುತ್ತಿದ್ದೆ, ಅಷ್ಟರಲ್ಲಿ ಅವಳು ಬೂದಿ ಬೆರೆಸಿ ಗಡಿಗೆಗೆ ತುಂಬಿ ಬಾಯಿ ಕಟ್ಟಿಬಿಟ್ಟಳು, ಬಿತ್ತನೆ ರಾಗಿಗೆ ಮಾಡುವ ಹಾಗೆ. ವಿಲೇವಾರಿ ಎಂದರೆ ಇದೂ ಒಂದು ವಿಲೇವಾರಿಯೇ ಎಂದು ನಾನು ಬಟ್ಟೆ ಹುಡುಕುವುದು ಬಿಟ್ಟೆ. ನವೆಂಬರಿನಲ್ಲಿ ಅದೇ ಜಾಗದಲ್ಲಿ ಹಾಕುತ್ತಾಳಂತೆ. ನಿಜವಾದ ಹೈಬ್ರಿಡ್ ಹೇಗೆ ಏಳುತ್ತದೆ ಎಂದು ನಾವಿಬ್ಬರೂ ನೋಡಿಲ್ಲ. ನೀನು ಬಂದು ಪಕ್ಕದಲ್ಲಿ ನಿಂತರೆ ಗುರುತು ಹಿಡಿಯಲು ಅನುಕೂಲ.

ಸಾಲಿನಲ್ಲಿ ಗ್ಯಾಪು ಬಿದ್ದರೆ ಬೀಳಲಿ, ತುಂಬಬಾರದು ಎಂದು ಹೇಳಿದ್ದೇನೆ. ಆಗಲಿ ಎಂದಿದ್ದಾಳೆ. ಆದರೆ ಅಷ್ಟು ದಿನ ಹೊಲದ ಕಡೆ ತಲೆ ಹಾಕುವುದಿಲ್ಲವಂತೆ, ಖಾಲಿ ಜಾಗ ಕಣ್ಣಿಗೆ ಬಿದ್ದರೆ ಕೈ ಕೇಳುವುದಿಲ್ಲವಂತೆ.

ಸ್ವಾಮಿ ಮಾವ